ನಾಟ್ಯ ಹುಟ್ಟಿದ್ದು ಗುಡಿಯಲ್ಲೇನಾ? ಮಗಳ ಗ್ಯಾದರಿಂಗ್ ಮಾತಿಗೆ ಸಹಾಯ ಬೇಕು

ನವನಗರದ ಅವ್ವ, ಬಾಗಲಕೋಟೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈಗ ಒಂಬತ್ತನೇ ಕ್ಲಾಸು. ಸಣ್ಣಾಕಿ ಇದ್ದಾಗಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಈ ಸಲ ಶಾಲೆಯ ಗ್ಯಾದರಿಂಗ್‌ನಲ್ಲಿ ಅವಳ ನಾಟ್ಯ ಇದೆ. ಅದಕ್ಕೂ ಮೊದಲು ಐದು ನಿಮಿಷ ನಾಟ್ಯದ ಬಗ್ಗೆ ಅವಳೇ ಮಾತಾಡಬೇಕಂತೆ. ಮಾತಿಗೆ ಅಂತ ಒಂದು ಹಾಳೆ ಸಿಕ್ಕಿದೆ. ಅದರಲ್ಲಿ ಬ್ರಹ್ಮ ನಾಲ್ಕು ವೇದಗಳಿಂದ ನಾಟ್ಯ ಮಾಡಿದ ಅಂತಿದೆ, ನಾಟ್ಯ ದೇವಸ್ಥಾನದಲ್ಲಿ ಹುಟ್ಟಿತು ಅಂತಿದೆ, ಭರತನಾಟ್ಯಕ್ಕೆ ಐದು ಸಾವಿರ ವರ್ಷ ಅಂತಲೂ ಇದೆ. ಮಗಳು ಬಾಯಿಪಾಠ ಮಾಡುವಾಗ "ಮಮ್ಮಿ, ಇದೆಲ್ಲ ಖರೇನಾ?" ಅಂತ ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ.

ಇನ್ನೊಂದು ವಿಷಯ ಇದೆ, ಅದೇ ನನಗೆ ಜಾಸ್ತಿ ಚಿಂತೆ. ನಮ್ಮ ಅತ್ತೆಯವರ ತವರು ಸವದತ್ತಿ ಕಡೆ. ಮೊಮ್ಮಗಳ ನಾಟ್ಯ ಅಂದರೆ ಅವರಿಗೆ ಪ್ರಾಣ, ಗೆಜ್ಜೆ ಪೆಟ್ಟಿಗೆ ಒರೆಸಿ ಇಡುವವರೂ ಅವರೇ. ಆದರೆ "ಗುಡಿಯಾಗ ಕುಣಿಯೋ ವಿದ್ಯಾ ಅಂತ ಸ್ಟೇಜ್ ಮ್ಯಾಲೆ ನಿಂತು ಹೇಳಬ್ಯಾಡ, ಗುಡಿಗೆ ಬಿಟ್ಟ ಹುಡುಗ್ಯಾರ ಪಾಡು ನಾ ನೋಡೀನಿ" ಅನ್ನುತ್ತಾರೆ. ಅವರು ಸುಮ್ನೆ ಹೇಳುವವರಲ್ಲ. ಮಗಳಿಗೆ ಸುಳ್ಳು ಹೇಳಿಸಬಾರದು, ಅತ್ತೆಯ ಮಾತನ್ನೂ ತಳ್ಳಿಹಾಕಬಾರದು. ತಿಳಿದವರು ಹೇಳಿ.

ಟಿಳಕವಾಡಿ ಟೀಚರ್, ಬೆಳಗಾವಿ:

ಅಕ್ಕಾ, ನಾನು ಮಕ್ಕಳಿಗೆ ನಾಟ್ಯ ಕಲಿಸುತ್ತೇನೆ. ಇಂಥ ಹಾಳೆ ಎಲ್ಲ ಕ್ಲಾಸುಗಳಲ್ಲೂ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ.

ಬ್ರಹ್ಮನ ಕಥೆ ಭರತಮುನಿಯದು ಅನ್ನುವ ಹಳೆಯ ಗ್ರಂಥ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಇದೆ. ಋಗ್ವೇದದಿಂದ ಮಾತು, ಸಾಮವೇದದಿಂದ ಹಾಡು, ಯಜುರ್ವೇದದಿಂದ ಅಭಿನಯ, ಅಥರ್ವವೇದದಿಂದ ರಸ ತೆಗೆದುಕೊಂಡು ಎಲ್ಲ ವರ್ಣದವರಿಗೂ ಸಲ್ಲುವ ಐದನೇ ವೇದ ಮಾಡಿದ ಅಂತ. ಕಥೆಯನ್ನು ಕಥೆಯಾಗಿಯೇ ಹೇಳಲಿ, ಬಹಳ ಚೆನ್ನಾಗಿದೆ. ಆದರೆ ಹಾಳೆ ಬರೆಯುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಅಸಲಿಗೆ ಮಜಾ ಇರುವುದು ಮುಂದೆ. ಭರತನೂ ಅವನ ನೂರು ಮಕ್ಕಳೂ ಮೊದಲ ಆಟ ಆಡಿದ್ದು ಇಂದ್ರಧ್ವಜದ ಹಬ್ಬದಲ್ಲಿ. ದೇವತೆಗಳು ದಾನವರನ್ನು ಸೋಲಿಸಿದ ಕಥೆಯನ್ನೇ ಆಡಿದರು. ಎದುರಿಗೆ ಕೂತ ದಾನವರು ಸುಮ್ಮನಿರುತ್ತಾರಾ? ಆಡುವವರ ಮಾತು, ಚಲನೆ, ನೆನಪು ಮೂರನ್ನೂ ಕಟ್ಟಿಹಾಕಿದರು. ಇಂದ್ರ ಧ್ವಜದ ಕೋಲು ಹಿಡಿದು ಅವರನ್ನು ಹೊಡೆದೋಡಿಸಿದ. ಆಮೇಲೆ ವಿಶ್ವಕರ್ಮ ಒಂದು ನಾಟ್ಯಮನೆ ಕಟ್ಟಿದ, ಅದರ ಮೂಲೆಮೂಲೆಗೆ ದೇವತೆಗಳು ಕಾವಲು ನಿಂತರು. ಕಡೆಗೆ ಬ್ರಹ್ಮ ದಾನವರನ್ನು ಕರೆದು, ಇದು ದೇವತೆಗಳಿಗೆ ಮಾತ್ರ ಅಲ್ಲಪ್ಪ, ನಿಮ್ಮದೂ ಇದರಲ್ಲಿದೆ, ಮೂರು ಲೋಕದ ಭಾವವೂ ಇದರಲ್ಲಿದೆ ಅಂತ ಸಮಾಧಾನ ಮಾಡಿದ.

ಇಷ್ಟರಲ್ಲಿ ಎಲ್ಲಾದರೂ ಗುಡಿ ಬಂತಾ? ಇಲ್ಲ. ಮೊದಲು ಹಬ್ಬದ ಬಯಲು, ಆಮೇಲೆ ರಂಗಮನೆ. ಮೂರನೇ ಅಧ್ಯಾಯ ಪೂರ್ತಿ ರಂಗದ ಪೂಜೆಯದ್ದೇ. ನಾವು ಇವತ್ತೂ ನೆಲ ಮುಟ್ಟಿ ನಮಸ್ಕಾರ ಮಾಡಿಯೇ ಹೆಜ್ಜೆ ಹಾಕುತ್ತೇವೆ ಅಲ್ವಾ, ಆ ಭಾವನೆ ಅಷ್ಟು ಹಳೆಯದು. ದೇವರು ಮೊದಲಿನಿಂದ ಇದ್ದಾನೆ, ಗುಡಿ ಆಮೇಲೆ ಬಂತು. "ನಾಟ್ಯ ಗುಡಿಯಲ್ಲಿ ಬೆಳೆಯಿತು" ಅಂತ ಮಗಳು ಹೇಳಿದರೆ ಯಾರೂ ತಪ್ಪು ಹಿಡಿಯಲಾರರು.

ಐದು ಸಾವಿರ ವರ್ಷ ಮಾತ್ರ ತೆಗೆದುಹಾಕಿ. ನಾಟ್ಯಶಾಸ್ತ್ರವನ್ನೇ ವಿದ್ವಾಂಸರು ಕ್ರಿ.ಪೂ. 200ರಿಂದ ಕ್ರಿ.ಶ. 200ರ ಆಸುಪಾಸಿಗೆ ಇಡುತ್ತಾರೆ. ಅದಕ್ಕೇ ಎರಡು ಸಾವಿರ ವರ್ಷ ಆಯಿತು, ಕಡಿಮೆಯಾ? ಮಗಳು ಕಲಿಯುವ ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಎನ್ನುವ ನೃತ್ಯಗಳ ಸಾಲನ್ನು ಹೊಂದಿಸಿದವರು 19ನೇ ಶತಮಾನದ ಮೊದಲ ಭಾಗದಲ್ಲಿದ್ದ ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು: ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಚಿನ್ನಯ್ಯ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು.

ಅತ್ತೆಯವರ ಮಾತಿಗೆ ಆಮೇಲೆ ಬರುತ್ತೇನೆ. ಅದು ಅವಸರದಲ್ಲಿ ಬರೆಯುವ ವಿಷಯ ಅಲ್ಲ.

ಬಾದಾಮಿ ಬಂಡೆ:

ಟೀಚರ್ ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಆದರೆ ಬಾಗಲಕೋಟೆ ಜಿಲ್ಲೆಯ ಹುಡುಗಿ ನಾಟ್ಯದ ಬಗ್ಗೆ ಮಾತಾಡುವಾಗ ತಂಜಾವೂರಿನ ತನಕ ಹೋಗುವ ಮೊದಲು ಮನೆ ಪಕ್ಕದ್ದನ್ನು ನೋಡಲಿ. ಬಾದಾಮಿಯ ಒಂದನೇ ಗುಹೆಯ ಎದುರು ನಿಂತರೆ ಬಲಗಡೆ, ಬಾಗಿಲ ಹೊರಗಿನ ಬಂಡೆಯಲ್ಲಿ, ಹದಿನೆಂಟು ಕೈಯ ಶಿವ ಕುಣಿಯುತ್ತಿದ್ದಾನೆ. ಆರನೇ ಶತಮಾನದ ಕೆಲಸ. ಪಕ್ಕದ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ 578ರ ಶಾಸನವೇ ಇದೆ.

ಎಲ್ಲರೂ ಫೋಟೋ ಹೊಡೆದುಕೊಂಡು ಮುಂದೆ ಹೋಗುತ್ತಾರೆ. ಮಗಳನ್ನು ಅಲ್ಲಿ ಹತ್ತು ನಿಮಿಷ ನಿಲ್ಲಿಸಿ. ಬಲಕ್ಕೆ ಒಂಬತ್ತು ಕೈ, ಎಡಕ್ಕೆ ಒಂಬತ್ತು. ಬಲಗಡೆಯ ಒಂದು ಕೈಗೆ ಎಡಗಡೆಯ ಒಂದೊಂದು ಕೈ ಜೋಡಿಸುತ್ತ ಹೋದರೆ 81 ಭಂಗಿ ಅಂತ ಗೈಡ್‌ಗಳು ಲೆಕ್ಕ ಹೇಳುತ್ತಾರೆ. ನನಗೆ ಆ ಲೆಕ್ಕಕ್ಕಿಂತ ಕೆಳಗಿರುವುದು ಇಷ್ಟ. ಶಿವನ ಕಾಲ ಹತ್ತಿರ ಪುಟ್ಟ ಗಣಪ ನಿಂತಿದ್ದಾನೆ, ಅವನ ಪಕ್ಕ ಒಬ್ಬ ಮದ್ದಳೆಯವನು. ಹಿಂದೆ ನಂದಿ. ಅಂದರೆ ಕಲ್ಲು ಕೆತ್ತಿದವನು ದೇವರನ್ನು ಒಂಟಿಯಾಗಿ ಕುಣಿಸಲಿಲ್ಲ, ತಾಳ ಹಿಡಿಯುವವನನ್ನೂ ಕೂರಿಸಿದ. ನಿಜವಾದ ಕುಣಿತ, ನಿಜವಾದ ಮೇಳ ನೋಡಿದವನಿಗೆ ಮಾತ್ರ ಇದು ಹೊಳೆಯುತ್ತದೆ. ಮಂಡಿ ಮಡಿಸಿದ ರೀತಿ, ಸೊಂಟದ ತಿರುವು ನೋಡಿದರೆ ನಾಟ್ಯ ಕಲಿತ ಹುಡುಗಿಗೆ ತಾನಾಗೇ ಗೊತ್ತಾಗುತ್ತದೆ, ನಾವು ಹೇಳಬೇಕಿಲ್ಲ.

ಐಹೊಳೆಯ ರಾವಣಫಡಿ ಗುಹೆಯಲ್ಲೂ ಹತ್ತು ಕೈಯ ಶಿವ ಕುಣಿಯುತ್ತಾನೆ, ಸುತ್ತ ಉದ್ದ ಕಿರೀಟದ ಸಪ್ತಮಾತೃಕೆಯರು. ಬಂಡೆಯಿಂದ ಇಳಿದು ಈಗ ಕೋಣೆಗೆ ಬರೋಣ ಅಂತ ಶಿವನನ್ನು ಕರೆತಂದ ಹಾಗಿದೆ.

ಇನ್ನು ಮನುಷ್ಯರ ವಿಷಯ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದವಳು ಚಾಲುಕ್ಯ ರಾಜ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಸುಮಾರು 740ರಲ್ಲಿ, ಗಂಡ ಕಂಚಿಯನ್ನು ಗೆದ್ದ ನೆನಪಿಗೆ. ಅಲ್ಲಿಯ ಒಂದು ಶಾಸನದಲ್ಲಿ, ಮಾವ ವಿಜಯಾದಿತ್ಯ ಗಾಯಕರಿಗೆ ಕೊಟ್ಟಿದ್ದ ಹಕ್ಕುಗಳನ್ನು ಅವಳು ಮತ್ತೆ ಖಾಯಂ ಮಾಡಿದ್ದು ಬರೆದಿದೆ. ರಾಣಿಯೊಬ್ಬಳು ಹಾಡುವವರ ಹಕ್ಕನ್ನು ಕಲ್ಲಿನಲ್ಲಿ ಬರೆಸಿದ್ದಾಳೆ ಅಂದರೆ ಅದು ಸಣ್ಣ ಮಾತಾ? ಅದೇ ಪಟ್ಟದಕಲ್ಲಿನ ಇನ್ನೊಂದು ಶಾಸನ ಅಚಲ ಎಂಬ ನಟನನ್ನು ಭರತನ ಹೆಸರು ಹಿಡಿದು ಹೊಗಳುತ್ತದೆ. ನಾಟ್ಯಶಾಸ್ತ್ರದ ಮಾತು ಎಂಟನೇ ಶತಮಾನಕ್ಕೆ ಮಲಪ್ರಭಾ ದಂಡೆಗೆ ಬಂದು ಮುಟ್ಟಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮಹಾಕೂಟದ ಕಂಬದ ಮೇಲೆ ವಿನಾಪೋಟಿ ಎಂಬ ಹೆಣ್ಣುಮಗಳ ಶಾಸನ ಇದೆ. ಕನ್ನಡದ್ದೇ. ವಿಜಯಾದಿತ್ಯನ ಪ್ರಾಣವಲ್ಲಭೆ ಅಂತ ಅವಳನ್ನು ಕರೆದಿದ್ದಾರೆ, ಸೂಳೆ ಅಂತಲೂ ಬರೆದಿದ್ದಾರೆ, ಎರಡನ್ನೂ ಒಂದೇ ಉಸಿರಿನಲ್ಲಿ, ಸಂಕೋಚ ಇಲ್ಲದೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಜಮೀನು ಕೊಟ್ಟಳು, ಹಿರಣ್ಯಗರ್ಭ ದಾನ ಮಾಡಿದಳು. ಅವಳ ಹಿಂದಿನ ತಲೆಮಾರಿನ ಹೆಂಗಸರ ಹೆಸರೂ ಇದೆ. ಅವಳು ಕುಣಿಯುತ್ತಿದ್ದಳು ಅಂತ ಅಲ್ಲಿ ಇಲ್ಲ, ಹಾಗೆ ಹೇಳಿಸಬೇಡಿ. ಆದರೆ ರಾಜರ, ಗುಡಿಯ ಸುತ್ತ ಇದ್ದ ಇಂಥ ಮನೆತನದ ಹೆಂಗಸರಿಗೆ ಆಗ ಎಂಥ ಸ್ಥಾನ ಇತ್ತು ಅನ್ನುವುದು ಆ ಕಂಬ ನೋಡಿದರೆ ತಿಳಿಯುತ್ತದೆ.

ರಾಮದುರ್ಗದ ಮಾಸ್ತರ್:

ಒಂದು ಮಾತು ಸೇರಿಸುತ್ತೇನೆ. ನಾಟ್ಯ, ಗುಡಿ ಅಂದಕೂಡಲೇ ಎಲ್ಲರೂ ಕಲ್ಲಿನ ಮೂರ್ತಿ ನೋಡಲು ಹೋಗುತ್ತೀರಿ. ಗೊಡಚಿ ವೀರಭದ್ರನ ಜಾತ್ರೆಗೆ ಬನ್ನಿ. ವೀರಭದ್ರನ ಕುಣಿತದ ಭಕ್ತರಾದ ಪುರವಂತರು ಕಾವಿ ಉಟ್ಟು, ಕೈಯಲ್ಲಿ ಕತ್ತಿ ಹಿಡಿದು, ಸಂಬಾಳದ ಬಡಿತಕ್ಕೆ ಹೆಜ್ಜೆ ಹಾಕುತ್ತ ಒಡಪು, ಅಂದರೆ ದೇವರ ಕಥೆಯ ಮಾತು, ಹೇಳುವುದನ್ನು ಕೇಳಿ. ಏನು ಕಥೆ ಅದು? ದಕ್ಷನ ಯಜ್ಞ. ಶಿವನಿಗೆ ಹವಿಸ್ಸು ಕೊಡದ ಮಾವ, ಬೆಂಕಿಗೆ ಬಿದ್ದ ಮಗಳು, ಜಟೆಯಿಂದ ಎದ್ದ ವೀರಭದ್ರ. ಒಡಪು ಮುಗಿದ ಕೂಡಲೇ ಸಂಬಾಳ ಏರುತ್ತದೆ, ಪುರವಂತ ಗಿರ್ರನೆ ತಿರುಗುತ್ತಾನೆ, ಜನ ಹಿಂದೆ ಸರಿದು ಜಾಗ ಬಿಡುತ್ತಾರೆ.

ಈಗ ನಾಟ್ಯಶಾಸ್ತ್ರದ ನಾಲ್ಕನೇ ಅಧ್ಯಾಯ ತೆಗೆಯಿರಿ, 108 ಕರಣಗಳು, ಅಂದರೆ ಕೈ ಕಾಲು ಕೂಡಿದ ನಾಟ್ಯದ ಚಲನೆಗಳು, ಬರುವ ಅಧ್ಯಾಯ. ಶಿವ ಕುಣಿದದ್ದು ಯಾವಾಗ ಅಂತಿದೆ? ದಕ್ಷಯಜ್ಞ ನಾಶವಾದ ಮೇಲೆ, ಸಂಜೆ ಹೊತ್ತು, ಲಯ ತಾಳಕ್ಕೆ ತಕ್ಕಂತೆ. ಆ ಕುಣಿತವನ್ನೇ ಶಿವನ ಗಣದ ತಂಡು ಭರತನಿಗೆ ಹೇಳಿಕೊಟ್ಟ. ಶಾಸ್ತ್ರದಲ್ಲಿರುವ ಕಥೆ ಮತ್ತು ನಮ್ಮೂರಿನ ಪುರವಂತ ಹೇಳುವ ಕಥೆ ಒಂದೇ. ಒಂದಕ್ಕೆ ಶಾಸ್ತ್ರೀಯ ಅಂತ ಹೆಸರು, ಇನ್ನೊಂದಕ್ಕೆ ಜಾನಪದ ಅಂತ ಹೆಸರು ಕೊಟ್ಟು ನಾವು ಬೇರೆ ಮಾಡಿದ್ದೇವೆ. ಮೇಲಿನ ಅಕ್ಕನ ಮಗಳು ಸ್ಟೇಜ್ ಮೇಲೆ ಶಿವನ ತಾಂಡವ ಮಾಡುವಾಗ ಸಭೆಯಲ್ಲಿ ಕೂತವರ ಅಜ್ಜ, ಮುತ್ತಜ್ಜರಲ್ಲಿ ಪುರವಂತರು ಇದ್ದೇ ಇರುತ್ತಾರೆ. ಅದನ್ನು ಹೇಳಿದರೆ ಜನ ಕಿವಿ ನಿಮಿರಿಸಿ ಕೇಳುತ್ತಾರೆ ನೋಡಿ.

ಅದೇ ಅಧ್ಯಾಯದಲ್ಲಿ ಋಷಿಗಳು ಒಂದು ಪ್ರಶ್ನೆ ಕೇಳುತ್ತಾರೆ: ಅಭಿನಯಕ್ಕೆ ಅರ್ಥ ಇದೆ, ಸರಿ. ಈ ಬರೀ ಹೆಜ್ಜೆ, ಕೈ, ತಿರುಗು ಯಾಕೆ? ಭರತನ ಉತ್ತರ ನೇರ. ಅದಕ್ಕೆ ಯಾವ ಅರ್ಥದ ಹಂಗೂ ಇಲ್ಲ, ಅದರಿಂದ ಶೋಭೆ ಬರುತ್ತದೆ, ಅದಕ್ಕೇ ಅದು ಬಂತು. ಮಂಗಳ ಅಂತ ಜನ ಅದನ್ನು ಮದುವೆ, ಹೆರಿಗೆ, ಸಂತೋಷದ ಹೊತ್ತಿನಲ್ಲೆಲ್ಲ ಮೆಚ್ಚುತ್ತಾರೆ ಅಂತಲೂ ಹೇಳುತ್ತಾನೆ. ನನಗೆ ಇಡೀ ಗ್ರಂಥದಲ್ಲಿ ಬಹಳ ಇಷ್ಟವಾದ ಜಾಗ ಇದು.

ನವನಗರದ ಅವ್ವ, ಬಾಗಲಕೋಟೆ:

ಸರ್, ಮೇಡಂ, ಎಲ್ಲರಿಗೂ ಬಹಳ ಉಪಕಾರ. ಮಗಳಿಗೆ ಓದಿ ಹೇಳಿದೆ. ದಾನವರು ನಟರ ನೆನಪನ್ನೇ ಕಟ್ಟಿಹಾಕಿದ ಕಥೆ ಅವಳಿಗೆ ತುಂಬಾ ಹಿಡಿಸಿತು.

ಆದರೆ ಅತ್ತೆಯವರ ಪ್ರಶ್ನೆ ಹಾಗೇ ಉಳಿಯಿತು. ವಿನಾಪೋಟಿಯ ವಿಷಯ ಹೇಳಿದೆ. "ಅಕಿಗೆ ರಾಜ ಇದ್ದ. ನಮ್ಮ ಓಣಿ ಹುಡುಗಿಗೆ ಯಾರಿದ್ರು?" ಅಂದರು. ನಾನು ಬಾಯಿ ಮುಚ್ಚಿಕೊಂಡೆ. ಆಗಿನವರೂ ಅತ್ತೆ ನೋಡಿದವರೂ ಒಂದೇನಾ?

ಘಟಪ್ರಭಾ ದಂಡೆ:

ಅಕ್ಕಾ, ನಿಮ್ಮ ಅತ್ತೆ ಕೇಳಿದ ಪ್ರಶ್ನೆ ಇಲ್ಲಿ ಬಂದ ಎಲ್ಲ ಮಾತಿಗಿಂತ ದೊಡ್ಡದು. ಅವರಿಗೆ ನನ್ನ ನಮಸ್ಕಾರ ಹೇಳಿ.

ಗುಡಿಯಲ್ಲಿ ಕುಣಿಯುವುದು, ಹಾಡುವುದು ಒಂದು ಕಾಲಕ್ಕೆ ಉದ್ಯೋಗ ಆಗಿತ್ತು, ಅದಕ್ಕೆ ಸಂಬಳ ಇತ್ತು. ತಂಜಾವೂರಿನ ದೊಡ್ಡ ಗುಡಿಗೆ ರಾಜರಾಜ ಚೋಳ ಬೇರೆ ಬೇರೆ ಊರಿನ ಗುಡಿಗಳಿಂದ 400 ಹೆಂಗಸರನ್ನು ಕರೆಸಿದ. ಒಬ್ಬೊಬ್ಬರ ಹೆಸರು, ಯಾವ ಊರಿಂದ ಬಂದರು, ಯಾವ ಮನೆ ಕೊಟ್ಟರು, ವರ್ಷಕ್ಕೆ 100 ಕಲಂ (ಆಗಿನ ಅಳತೆ) ಭತ್ತ, ಎಲ್ಲ ಗೋಡೆಯ ಮೇಲೆ ಕೆತ್ತಿಸಿದ್ದಾನೆ. ನಮ್ಮ ಕನ್ನಡ ಶಾಸನಗಳಲ್ಲೂ ದೇವರ ಅಂಗಭೋಗ ರಂಗಭೋಗಕ್ಕೆ ಅಂತ ಜಮೀನು ಬಿಟ್ಟದ್ದು ಎಷ್ಟು ಊರಲ್ಲಿ ಸಿಗುತ್ತದೆ. ರಂಗಭೋಗ ಅಂದರೆ ಈ ಹಾಡು ಕುಣಿತದ ಖರ್ಚೇ. ರಾಜರು ಹೋದರು, ಗುಡಿಯ ಜಮೀನು ಕೈತಪ್ಪಿತು, ಪೋಷಣೆ ನಿಂತಿತು. ಕಲಿತ ವಿದ್ಯೆ ಇದ್ದರೂ ಹೊಟ್ಟೆಗೆ ದಾರಿ ಇಲ್ಲದಂತಾಯಿತು. ಅದು ಒಂದು ಕಥೆ.

ಅತ್ತೆ ನೋಡಿದ್ದು ಇನ್ನೊಂದು. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ, ಅಂದರೆ ದೇವದಾಸಿ ಅಂತ ದೇವಿಗೆ ಬಿಟ್ಟ ಹುಡುಗಿಯರಿಗೆ ಯಾರೂ ನಾಟ್ಯದ ವರ್ಣ ಕಲಿಸಲಿಲ್ಲ, ಜಮೀನು ಬರೆಯಲಿಲ್ಲ. ಹೆಚ್ಚಿನವರು ದಲಿತರ ಮನೆಯ ಮಕ್ಕಳು. ಮನೆಯಲ್ಲಿ ಗಂಡು ಇಲ್ಲ ಅಂತ, ಕಾಯಿಲೆ ಅಂತ, ಜಟೆ ಬಂತು ಅಂತ ಬಿಟ್ಟರು. ಆ ಹೆಂಗಸರು ಚೌಡಕಿ ಹಿಡಿದು ಹಾಡಿದ ಪದಗಳು ಇವತ್ತೂ ಎದೆ ಅಲುಗಿಸುತ್ತವೆ. ಆದರೆ ದೇವರ ಹೆಸರು ಮುಂದಿಟ್ಟು ಊರಿನ ಉಳ್ಳವರು ಅವರನ್ನು ಬಳಸಿಕೊಂಡರು. ಇದನ್ನು ಸಂಪ್ರದಾಯ ಅಂತ ಹೊಗಳಬಾರದು. 1934ರಲ್ಲೇ ಮುಂಬಯಿ ಪ್ರಾಂತದಲ್ಲಿ ಇದನ್ನು ತಡೆಯುವ ಕಾಯ್ದೆ ಬಂತು, ಆಗ ಬೆಳಗಾವಿಯೂ ವಿಜಯಪುರವೂ ಆ ಪ್ರಾಂತದಲ್ಲೇ ಇದ್ದವು. ಆದರೂ ನಿಲ್ಲಲಿಲ್ಲ, ಕರ್ನಾಟಕ 1982ರಲ್ಲಿ ಮತ್ತೆ ಕಾಯ್ದೆ ಮಾಡಬೇಕಾಯಿತು. ಕಾಯ್ದೆಗಿಂತ ಜಾಸ್ತಿ ಕೆಲಸ ಮಾಡಿದವರು ಆ ಹೆಂಗಸರೇ. ನಮ್ಮ ಘಟಪ್ರಭಾದಲ್ಲಿ 1997ರಲ್ಲಿ ಶುರುವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರದ್ದೇ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರಿಗೂ ಚಿಕ್ಕ ವಯಸ್ಸಿನಲ್ಲೇ ಮುತ್ತು ಕಟ್ಟಿದ್ದರು.

ಹಾಗಾಗಿ ಎರಡೂ ಒಂದೇ ಅಲ್ಲ. ಹಾಗಂತ ಸಂಬಂಧವೇ ಇಲ್ಲ ಅಂತ ಕೈ ತೊಳೆದುಕೊಳ್ಳಲೂ ಆಗದು. ದೇವರ ಮದುವೆ ಎಂಬ ಹೆಸರು ಎರಡಕ್ಕೂ ಒಂದೇ ಇತ್ತು. ಅತ್ತೆಯವರ ಹತ್ತಿರ ಕೂತು ಆ ಓಣಿಯ ಹುಡುಗಿಯರ ಕಥೆ ಮೊಮ್ಮಗಳು ಕೇಳಲಿ. ಸ್ಟೇಜ್ ಮೇಲೆ ಹೇಳದಿದ್ದರೂ ನಡೆಯುತ್ತದೆ, ಆದರೆ ಅವಳಿಗೆ ಗೊತ್ತಿರಬೇಕು.

ಗೋಳಗುಮ್ಮಟದ ಓಣಿ, ವಿಜಯಪುರ:

ನಮ್ಮ ಊರಿನದ್ದೂ ಒಂದು ಸಾಲು ಇರಲಿ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ದಖನಿ ಭಾಷೆಯಲ್ಲಿ ಕಿತಾಬ್-ಎ-ನೌರಸ್ ಎಂಬ ಹಾಡಿನ ಪುಸ್ತಕ ಬರೆದ. ನೌರಸ್ ಅಂದರೆ ನಾಟ್ಯದವರು ಹೇಳುವ ಅದೇ ನವರಸ. ಅದರಲ್ಲಿ ಸರಸ್ವತಿ, ಗಣಪತಿಯ ಸ್ತುತಿ ಇದೆ. ರಸದ ವಿಷಯ ಗುಡಿಯ ಬಾಗಿಲು ದಾಟಿ ಎಲ್ಲೆಲ್ಲಿಗೆ ಹೋಯಿತು ಅನ್ನುವುದನ್ನೂ ಹುಡುಗಿ ಒಂದು ವಾಕ್ಯದಲ್ಲಿ ಹೇಳಬಹುದು.

ಟಿಳಕವಾಡಿ ಟೀಚರ್, ಬೆಳಗಾವಿ:

ಘಟಪ್ರಭಾದವರು ನಾನು ಬರೆಯಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ ಬರೆದಿದ್ದಾರೆ. ನಾಟ್ಯ ಕಲಿಸುವವಳಾಗಿ ಒಂದು ಮಾತು ಹೇಳಲೇಬೇಕು. ನಾವು ಇವತ್ತು ಮರ್ಯಾದೆಯಿಂದ ಸ್ಟೇಜ್ ಹತ್ತುತ್ತೇವೆ. ರುಕ್ಮಿಣಿದೇವಿ ಅರುಂಡೇಲ್ 1935ರಲ್ಲಿ ಸಭೆಯಲ್ಲಿ ನಾಟ್ಯ ಮಾಡಿ, ಮರುವರ್ಷ ಕಲಾಕ್ಷೇತ್ರ ಎಂಬ ನಾಟ್ಯಶಾಲೆ ಕಟ್ಟಿದ ಮೇಲೆ ಬೇರೆ ಮನೆತನದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಅದು ದೊಡ್ಡ ಉಪಕಾರ. ಆದರೆ ಅವರಿಗೆ ಕಲಿಸಿದವರು ಯಾರು? ಹಳೆಯ ಮನೆತನದ ನಟ್ಟುವನಾರರು, ಅಂದರೆ ನಾಟ್ಯದ ಗುರುಗಳು. ಅಷ್ಟು ವರ್ಷ ಹಾಡು, ಪದ, ಅಭಿನಯವನ್ನು ಉಳಿಸಿಕೊಂಡು ಬಂದವರು ಅದೇ ದೇವದಾಸಿ ಮನೆತನದ ಹೆಂಗಸರು. ಅಂಥ ಮನೆಯಲ್ಲೇ ಹುಟ್ಟಿದ ಬಾಲಸರಸ್ವತಿ ಶೃಂಗಾರವನ್ನು ತೊಳೆದು ತೆಗೆಯಬೇಕು ಎನ್ನುವವರ ಮಾತು ಒಪ್ಪಲಿಲ್ಲ. ಕೃಷ್ಣನ ಮೇಲಿನ ಪದ ಅವರಿಗೆ ಪೂಜೆಯೂ ಹೌದು, ಪ್ರೀತಿಯೂ ಹೌದು. ನಮ್ಮ ಮೈಸೂರಿನ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಅಭಿನಯದಲ್ಲಿ ಹೆಸರು ಮಾಡಿದವರು. ಮಕ್ಕಳು ಅರಂಗೇಟ್ರಂ (ಮೊದಲ ರಂಗಪ್ರವೇಶ) ಭಾಷಣದಲ್ಲಿ ಬ್ರಹ್ಮನ ಹೆಸರು ಹೇಳುತ್ತಾರೆ, ಭರತನ ಹೆಸರು ಹೇಳುತ್ತಾರೆ, ಈ ಹೆಂಗಸರಲ್ಲಿ ಒಬ್ಬರ ಹೆಸರನ್ನೂ ಹೇಳುವುದಿಲ್ಲ. ನನಗೆ ಇದು ತುಂಬಾ ನೋವು ಕೊಡುತ್ತದೆ.

ಐದು ನಿಮಿಷ ಅಂದರೆ ಎರಡು ಪುಟಕ್ಕಿಂತ ಕಡಿಮೆ. ಇಂದ್ರಧ್ವಜದ ಕಥೆಯಿಂದ ಶುರು ಮಾಡಲಿ, ಬಾದಾಮಿಯ ಶಿವನಿಗೆ ಬರಲಿ, ಲೋಕಮಹಾದೇವಿ ಗಾಯಕರಿಗೆ ಬರೆಸಿದ ಶಾಸನ ಹೇಳಲಿ. ಆಮೇಲೆ, ಈ ವಿದ್ಯೆಯನ್ನು ನಮ್ಮ ತನಕ ತಂದವರಲ್ಲಿ ಬಹಳ ಹೆಂಗಸರು ಕಷ್ಟ ಉಂಡರು, ಬಾಲಸರಸ್ವತಿ ಅಂಥ ಮನೆಯ ಮಗಳು, ಅವರಿಗೆ ನಮಸ್ಕಾರ ಅಂತ ಹೇಳಿ ಹೆಜ್ಜೆ ಹಾಕಲಿ. ಈ ಮಾತನ್ನು ಮೊದಲು ಅತ್ತೆಯವರ ಮುಂದೆ ಹೇಳಿಸಿ ನೋಡಿ.

ನವನಗರದ ಅವ್ವ, ಬಾಗಲಕೋಟೆ:

ಹೇಳಿಸಿದೆ ಮೇಡಂ. ಅತ್ತೆ ಪೂರ್ತಿ ಕೇಳಿ, "ಹಿಂಗ ಹೇಳೋದಾದ್ರ ಹೇಳ್ಲಿ" ಅಂದರು. ತವರಿನ ಓಣಿಯ ಇಬ್ಬರು ಹುಡುಗಿಯರ ಹೆಸರನ್ನೂ ಮಗಳಿಗೆ ಹೇಳಿದರು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಭಾನುವಾರ ಎಲ್ಲರೂ ಬಾದಾಮಿಗೆ ಹೊರಟಿದ್ದೇವೆ, ಅತ್ತೆಯೂ ಬರುತ್ತಾರಂತೆ. ಅವರಿಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಇದೆಯಾ?

ಬಾದಾಮಿ ಬಂಡೆ:

ಒಂದನೇ ಗುಹೆಗೆ ಮೆಟ್ಟಿಲು ಕಡಿಮೆ, ನಿಧಾನಕ್ಕೆ ಹತ್ತಿದರೆ ಆಗುತ್ತದೆ. ಶಿವ ಹೊರಗಿನ ಬಂಡೆಯಲ್ಲೇ ಇರುವುದರಿಂದ ಅವರು ಒಳಗೆ ಹೋಗಬೇಕಂತಲೂ ಇಲ್ಲ. ಉಳಿದ ಗುಹೆಗಳಿಗೆ ನೀವು ಹೋಗಿ ಬನ್ನಿ. ಬೆಳಿಗ್ಗೆ ಬೇಗ ಬನ್ನಿ, ಬಿಸಿಲೇರಿದರೆ ಬಂಡೆ ಕಾಯುತ್ತದೆ. ಮಂಗಗಳು ಬಹಳ, ಕೈಯಲ್ಲಿ ತಿನ್ನುವುದು ಹಿಡಿಯಬೇಡಿ. ಆಮೇಲೆ ಮಹಾಕೂಟ, ಅಲ್ಲಿಂದ ಪಟ್ಟದಕಲ್ಲು. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ವಿರೂಪಾಕ್ಷ ಗುಡಿ ಸಮತಟ್ಟು ಜಾಗದಲ್ಲಿದೆ, ಅತ್ತೆಯವರಿಗೆ ಅಲ್ಲಿ ತೊಂದರೆ ಆಗದು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದರೆ ಮಹಾಕೂಟದ ಹೊಂಡದ ಹತ್ತಿರ ಮರದ ನೆರಳಲ್ಲಿ ಕೂತು ಉಣ್ಣಬಹುದು.